ಪಶು ಶುಶ್ರೂಷೆಯ ಕುಶಲತೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಪಶುಸಂಗೋಪನಾ ಡಿಪ್ಲೊಮಾ ಇದೆ. ನಾನೂ ಇದೇ ಕಸುಬಿನವನು. ಇಂಜೆಕ್ಷನ್ ಕೊಡಲು ಬಂದರೆ ಸಾಕಲ್ಲವೇ ಎಂದು ಹುಡುಗರು ಕೇಳುತ್ತಾರೆ. ಸಾಲದು.

ಹಾಲುಜ್ವರವನ್ನೇ ನೋಡಿ. ಕರು ಹಾಕಿದ ಒಂದೆರಡು ದಿನದಲ್ಲಿ, ಹೆಚ್ಚು ಹಾಲು ಕೊಡುವ ಹಸು ನೆಲ ಹಿಡಿಯುತ್ತದೆ. ಕತ್ತನ್ನು ಪಕ್ಕೆಗೆ ತಿರುಗಿಸಿ ಮಲಗುತ್ತದೆ. ಹೆಸರಿನಲ್ಲಿ ಜ್ವರವಿದೆ, ಮೈಯಲ್ಲಿ ಇಲ್ಲ. ಆರೋಗ್ಯವಂತ ಹಸುವಿನ ಮೈಬಿಸಿ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್. ಇಲ್ಲಿ ಥರ್ಮಾಮೀಟರ್ ಅದಕ್ಕಿಂತ ಕೆಳಗೆ ನಿಲ್ಲುವುದುಂಟು. ಕಿವಿ ಮುಟ್ಟಿದರೆ ತಣ್ಣಗಿರುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾಗಿರುವುದೇ ಕಾರಣ. ಜ್ವರದ ಮದ್ದು ಕೊಟ್ಟು ಕಾಯುತ್ತ ಕುಳಿತರೆ ಹಸು ಕೈಬಿಟ್ಟು ಹೋಗುತ್ತದೆ. ಕ್ಯಾಲ್ಸಿಯಂ ಅನ್ನು ರಕ್ತನಾಳಕ್ಕೆ ಅವಸರದಲ್ಲಿ ಬಿಟ್ಟರೂ ಹೃದಯ ನಿಲ್ಲಬಹುದು. ವೈದ್ಯರು ಬಾಟಲಿ ಏರಿಸುವಾಗ ಸ್ಟೆತಾಸ್ಕೋಪ್ ಹಿಡಿದು ಎದೆಬಡಿತ ಕೇಳುತ್ತಿರುವವನೂ ಜೀವ ಉಳಿಸುವವನೇ.

1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯಂತೆ ನಾವು ಕಿರು ಸೇವೆಗಳನ್ನಷ್ಟೇ, ಅದೂ ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲಿ ಮಾಡಬೇಕು. ಇದರಲ್ಲಿ ಅವಮಾನವೇನೂ ಇಲ್ಲ. ಅಳೆದು ನೋಡುವುದು, ಬರೆದಿಡುವುದು, ಕೈಮೀರಿದ್ದನ್ನು ತಡಮಾಡದೆ ವೈದ್ಯರಿಗೆ ತಿಳಿಸುವುದು, ಈ ಮೂರನ್ನು ಕಲಿತವನೇ ಕುಶಲಿ. ಎಷ್ಟೋ ಮನೆಗಳ ಸಂಸಾರ ಒಂದೇ ಹಸುವಿನ ಮೇಲೆ ನಿಂತಿದೆ, ಮರೆಯಬೇಡಿ.