ಬಡಾವಣೆಯ ಬಾಳುವೆ ಮತ್ತು ನೆರೆಹೊರೆಯ ಧರ್ಮ



ಊರೆಂದರೆ ಮನೆಗಳ ಗುಂಪಲ್ಲ. ಮನೆಗಳು ಎಷ್ಟು ಒತ್ತಾಗಿ ನಿಂತಿದ್ದರೂ ಒಂದು ಮನೆಯವರ ಕಷ್ಟಸುಖವು ಮತ್ತೊಂದು ಮನೆಯವರಿಗೆ ತಿಳಿಯದೆ ಹೋದರೆ ಅದನ್ನು ಊರೆಂದು ಕರೆಯಲಾಗದು. ಅದು ಬರಿಯ ಬಿಡಾರ. ಈಗ ಪಟ್ಟಣಗಳ ಅಂಚಿನಲ್ಲಿರುವ ಊರುಗಳೆಲ್ಲವೂ ಬೆಳೆಯುತ್ತಿವೆ. ಬೀದಿಗಳು ಅಗಲವಾಗುತ್ತಿವೆ, ಮನೆಗಳು ಎತ್ತರವಾಗುತ್ತಿವೆ, ಹೊಸ ಜನರು ಬಂದು ನೆಲೆಸುತ್ತಿದ್ದಾರೆ. ಈ ಬೆಳವಣಿಗೆಯಲ್ಲಿ ಊರು ಊರಾಗಿಯೇ ಉಳಿಯುವುದೋ ಅಥವಾ ಬಿಡಾರವಾಗಿ ಇಳಿಯುವುದೋ ಎಂಬುದು ಸಣ್ಣ ಪ್ರಶ್ನೆಯಲ್ಲ. ಬರಿಯ ಉಪದೇಶದಿಂದ ಇದಕ್ಕೆ ಉತ್ತರವನ್ನು ಹುಡುಕುವುದಕ್ಕಿಂತ ಒಂದು ಊರಿನ ಚರಿತ್ರೆಯನ್ನು ನೋಡಿ ಹುಡುಕುವುದು ಮೇಲು. ಬೆಂಗಳೂರಿನ ಮಲ್ಲೇಶ್ವರವು ಇದಕ್ಕೆ ತಕ್ಕ ನಿದರ್ಶನವಾಗಿದೆ.

ಈ ಬಡಾವಣೆಯು ಹುಟ್ಟುವುದಕ್ಕೆ ಬಹುಕಾಲ ಮೊದಲೇ ಅಲ್ಲಿ ಮಲ್ಲಾಪುರವೆಂಬ ಗ್ರಾಮವಿತ್ತು. ಗ್ರಾಮದ ಬಳಿಯ ಕಾಡಿನಲ್ಲಿ ಮಲ್ಲಿಕಾರ್ಜುನನ ಗುಡಿಯಿತ್ತು. ಶಿವಾಜಿಯ ಮಲಸಹೋದರನಾದ ಏಕೋಜಿಯು ಈ ದೇವರಿಗೆ ದತ್ತಿಯನ್ನು ಬಿಟ್ಟ ಸಂಗತಿಯನ್ನು 1669ನೆಯ ಇಸವಿಯ ಶಾಸನವು ಹೇಳುತ್ತದೆ. ಕಾಡು ಮಲ್ಲೇಶ್ವರನೆಂಬ ಹೆಸರಿನಲ್ಲಿ ಕಾಡು ಇಂದಿಗೂ ಉಳಿದಿದೆ. ನೆಲದ ಮೇಲಿನ ಕಾಡು ಮಾತ್ರ ಎಂದೋ ಹೋಯಿತು. ಆದುದರಿಂದ ಮಾರ್ಪಾಡೆಂಬುದು ಆ ಸ್ಥಳಕ್ಕೆ ಈಗ ಬಂದ ಹೊಸ ವಿಪತ್ತೇನೂ ಅಲ್ಲ. ಬಡಾವಣೆಯೇ ಒಂದು ದೊಡ್ಡ ಮಾರ್ಪಾಡಿನ ಫಲ.

ಆ ಮಾರ್ಪಾಡಿಗೆ ಕಾರಣವು ಪ್ಲೇಗು. 1898ನೆಯ ಆಗಸ್ಟ್ ತಿಂಗಳಿನಲ್ಲಿ ಈ ಮಹಾಮಾರಿಯು ಬೆಂಗಳೂರನ್ನು ಹೊಕ್ಕಿತು. ಪೇಟೆಯ ಬೀದಿಗಳು ಇಕ್ಕಟ್ಟು. ಮನೆಗೆ ಮನೆ ತಾಗಿಕೊಂಡು ಗಾಳಿಬೆಳಕುಗಳಿಗೆ ಎಡೆಯಿರಲಿಲ್ಲ. ಸಾವಿರಾರು ಜನರು ಸತ್ತರು. ಸಾವಿರಾರು ಜನರು ಮನೆಮಠಗಳನ್ನು ಬಿಟ್ಟು ಬಯಲಿಗೆ ಹೋದರು. ಪೇಟೆಯ ಹೊರಗೆ ಹೊಸ ವಸತಿಗಳನ್ನು ಏರ್ಪಡಿಸಬೇಕೆಂಬ ಆಲೋಚನೆಯು ಸರಕಾರಕ್ಕೆ ಅದಕ್ಕೂ ಮೊದಲೇ ಇತ್ತಾದರೂ ಅದು ಭರದಿಂದ ಕೈಗೂಡಿದುದು ಈ ರೋಗದ ಭಯದಿಂದ. ದಕ್ಷಿಣಕ್ಕೆ ಬಸವನಗುಡಿ, ವಾಯವ್ಯಕ್ಕೆ ಮಲ್ಲೇಶ್ವರ, ಹೀಗೆ ಎರಡು ಬಡಾವಣೆಗಳು ಎದ್ದವು. ಎರಡಕ್ಕೂ ಹಳೆಯ ಗುಡಿಗಳ ಹೆಸರೇ ಬಂದಿತು.

ಮಲ್ಲೇಶ್ವರದ ಬೀದಿಗಳ ಹೆಸರುಗಳನ್ನು ಕೇಳಿದರೆ ಅದನ್ನು ಕಟ್ಟಿದವರ ಮನಸ್ಸು ತಿಳಿಯುತ್ತದೆ. ಸಂಪಿಗೆ ರಸ್ತೆ, ಬೇವಿನ ಮರದ ಹೆಸರನ್ನು ಹೊತ್ತ ಮಾರ್ಗೋಸ ರಸ್ತೆ, ದೇವಸ್ಥಾನದ ರಸ್ತೆ, ಉದ್ಯಾನದ ಪೂರ್ವ ಪಶ್ಚಿಮಗಳಲ್ಲಿ ಎರಡು ಪಾರ್ಕ್ ರಸ್ತೆಗಳು, ಇವುಗಳನ್ನು ಅಡ್ಡಲಾಗಿ ದಾಟುವ ನೇರವಾದ ಅಡ್ಡರಸ್ತೆಗಳು. ಮರ, ಗುಡಿ, ಉದ್ಯಾನ, ಈ ಮೂರರ ನಡುವೆ ಮನೆಗಳನ್ನು ಇರಿಸಿದರು. ಮನೆಯ ಸುತ್ತ ಗಾಳಿಯಾಡುವಷ್ಟು ಬಯಲನ್ನು ಬಿಟ್ಟರು.

ಆದರೆ ಹಳೆಯದೆಲ್ಲವೂ ಕಾಪಾಡಲು ಯೋಗ್ಯವೆಂದು ಭಾವಿಸತಕ್ಕದ್ದಲ್ಲ. ಈ ಬಡಾವಣೆಗಳ ನಿವೇಶನಗಳನ್ನು ಜಾತಿಮತಗಳ ಪ್ರಕಾರ ಬೇರೆಬೇರೆ ಭಾಗಗಳನ್ನಾಗಿ ವಿಂಗಡಿಸಿ ಹಂಚುವ ಏರ್ಪಾಡಿತ್ತು. ಮನೆಗಳ ಹಿಂಬದಿಯಲ್ಲಿ ಓಣಿಗಳನ್ನು ಬಿಟ್ಟಿದ್ದರು. ಮಲವನ್ನು ಹೊರುವ ಬಂಧುಗಳು ಮುಂಬಾಗಿಲಿಗೆ ಬಾರದೆ ಆ ಓಣಿಗಳಿಂದಲೇ ಬಂದು ಹೋಗಬೇಕಾಗಿತ್ತು. ಊರಿನ ಅಂದವನ್ನು ಹೊಗಳುವಾಗ ಈ ಎರಡು ಕಳಂಕಗಳನ್ನು ಮರೆಮಾಚುವುದು ಸತ್ಯಕ್ಕೆ ದ್ರೋಹ. ಒಳಚರಂಡಿ ಬಂದಮೇಲೆ ಓಣಿಗಳ ಆ ಉಪಯೋಗವು ನಿಂತಿತು. ಮಾರಾಟ, ಬಾಡಿಗೆ, ಉದ್ಯೋಗಗಳ ನಿಮಿತ್ತದಿಂದ ಜಾತಿಯ ಗೆರೆಗಳೂ ಬಹುಮಟ್ಟಿಗೆ ಕಲಸಿಹೋದವು. ಇವೂ ಮಾರ್ಪಾಡುಗಳೇ; ಇವುಗಳಿಂದ ಊರು ಕೆಡಲಿಲ್ಲ, ಉದ್ಧಾರವಾಯಿತು.

ಹಾಗಾದರೆ ಮಲ್ಲೇಶ್ವರಕ್ಕೆ ಮಲ್ಲೇಶ್ವರದ ಗುಣವನ್ನು ಕೊಟ್ಟದ್ದು ಯಾವುದು? ನಕ್ಷೆಯೊಂದೇ ಅಲ್ಲ. ನಕ್ಷೆಯಲ್ಲಿ ಬಿಟ್ಟ ಬಯಲುಗಳನ್ನು ಜನರು ಕೂಡಿ ಬಳಸಿದ ರೀತಿ. ಎಂಟನೆಯ ಅಡ್ಡರಸ್ತೆಯಲ್ಲಿ ಹೂವು ಹಣ್ಣುಗಳನ್ನು ಕೊಳ್ಳಲು ಬಂದವರು ಅಲ್ಲಿಯೇ ನಿಂತು ಮನೆಯ ಸಮಾಚಾರವನ್ನು ಕೇಳುವರು. ಗೌರೀಗಣೇಶರ ಹಬ್ಬ ಬಂದರೆ ಆ ಬೀದಿಯೇ ಜಾತ್ರೆಯಾಗುವುದು. ಗುಡಿಯ ಕಟ್ಟೆ, ಶಾಲೆಯ ಬಯಲು, ಸಂಗೀತದ ಸಭೆ, ಸಂಘದ ಮಂದಿರ, ಇವುಗಳಲ್ಲಿ ಬಂಧುಗಳಲ್ಲದವರೂ ಬಂಧುಗಳಂತೆ ಬೆರೆತರು.

ಇದಕ್ಕೆ ಒಂದು ಉದಾಹರಣೆಯು ಸಾಕು. ಕರಾವಳಿಯಿಂದ ಬಂದು ನೆಲೆಸಿದವರು ಮಲ್ಲೇಶ್ವರದಲ್ಲಿ ಕೆನರಾ ಯೂನಿಯನ್ ಎಂಬ ಸಂಘವನ್ನು ಕಟ್ಟಿದರು. ಅದರ ಮಂದಿರದಲ್ಲಿ ಮದುವೆಗಳು ನಡೆಯುತ್ತಿದ್ದವು. ಮದುವೆಯಿಲ್ಲದ ದಿನಗಳಲ್ಲಿ ಅದೇ ಮಂದಿರದಲ್ಲಿ ಬ್ಯಾಡ್ಮಿಂಟನ್ ಆಟ ನಡೆಯುತ್ತಿತ್ತು. ಮನೆಯ ಸಮೀಪದ ಆ ಮಂದಿರದಲ್ಲಿ ಆಡಿ ಕಲಿತ ಪ್ರಕಾಶ್ ಪಡುಕೋಣೆಯವರು 1980ರಲ್ಲಿ ಆಲ್ ಇಂಗ್ಲೆಂಡ್ ಪಂದ್ಯವನ್ನು ಗೆದ್ದರು. ಹೊರಗಿನಿಂದ ಬಂದವರು ತಮ್ಮವರಿಗಾಗಿ ಕಟ್ಟಿಕೊಂಡ ಒಂದು ಸಾಮಾನ್ಯ ಮಂದಿರವು ನಾಡಿಗೇ ಕೀರ್ತಿಯನ್ನು ತಂದಿತು. ಒಂದೇ ಸ್ಥಳವು ಹಲವು ಕೆಲಸಗಳಿಗೆ, ಹಲವು ಜನರಿಗೆ ಒದಗುವುದು. ಊರಿನ ಜೀವವು ಇರುವುದು ಇಲ್ಲಿಯೇ.

ಈಗ ಆ ಊರು ಬದಲಾಗುತ್ತಿದೆ. ಕಾರಣಗಳು ಗೂಢವೇನಲ್ಲ. ತಂದೆ ಕಟ್ಟಿಸಿದ ಹಂಚಿನ ಮನೆಗೆ ನಾಲ್ವರು ಮಕ್ಕಳು ಹಕ್ಕುದಾರರು. ಮನೆಯನ್ನು ನಾಲ್ಕಾಗಿ ಸೀಳಲಾಗದು. ನೆಲದ ಬೆಲೆಯಾದರೋ ಮನೆಯ ಬೆಲೆಯನ್ನು ಎಷ್ಟೋ ಮಡಿ ಮೀರಿದೆ. ಆದಕಾರಣ ಮನೆಯು ಬೀಳುವುದು, ಅದರ ಸ್ಥಳದಲ್ಲಿ ನಾಲ್ಕಾರು ಅಂತಸ್ತುಗಳ ಕಟ್ಟಡವು ಏಳುವುದು, ಅಂಗಳದ ಮಾವು ತೆಂಗುಗಳು ಹೋಗಿ ಮೋಟಾರುಗಳು ನಿಲ್ಲುವುವು. 2007ರಲ್ಲಿ ಅಂಗೀಕೃತವಾದ ನಗರದ ಮಹಾಯೋಜನೆಯು ವಾಸದ ಬೀದಿಗಳಲ್ಲಿಯೂ ವ್ಯಾಪಾರಕ್ಕೆ ಹೆಚ್ಚಿನ ಎಡೆಯನ್ನು ಕೊಟ್ಟಿತು. 2010ರಲ್ಲಿ ಸಂಪಿಗೆ ರಸ್ತೆಯ ದಕ್ಷಿಣದ ತುದಿಯಲ್ಲಿ ದೊಡ್ಡ ಮಾರಾಟದ ಸೌಧವು ತೆರೆಯಿತು. 2014ನೆಯ ಮಾರ್ಚ್ 1ರಂದು ಅದರ ಪಕ್ಕದಿಂದ ಮೆಟ್ರೋ ರೈಲು ಹೊರಟಿತು. ಓದಿದ ಮಕ್ಕಳು ಹೊರದೇಶಗಳಲ್ಲಿ ನೆಲೆಸಿದರು. ದೊಡ್ಡ ಮನೆಗಳಲ್ಲಿ ವೃದ್ಧ ದಂಪತಿಗಳು ಇಬ್ಬರೇ ಉಳಿದರು.

ಈ ಸ್ಥಿತಿಯನ್ನು ನೋಡಿ ಎರಡು ಬಗೆಯ ಮಾತುಗಳನ್ನು ಆಡುವವರುಂಟು. ಒಂದು ಕಲ್ಲನ್ನೂ ಕದಲಿಸಬಾರದು, ಹೊಸಬರು ಬರಲೇಬಾರದು ಎನ್ನುವರು ಕೆಲವರು. ಕಾಲವೇ ಹೀಗೆ, ಹಣವಿದ್ದ ಕಡೆಗೆ ನೆಲವು ಹೋಗುವುದು, ಮಾಡುವುದೇನಿದೆ ಎನ್ನುವರು ಮತ್ತೆ ಕೆಲವರು. ಮೊದಲನೆಯವರು ತಾವೂ ಒಮ್ಮೆ ಪ್ಲೇಗಿಗೆ ಹೆದರಿ ಪೇಟೆಯನ್ನು ಬಿಟ್ಟು ಬಂದ ಹೊಸಬರ ಮಕ್ಕಳು ಮೊಮ್ಮಕ್ಕಳೆಂಬುದನ್ನು ಮರೆತಿರುವರು. ಎರಡನೆಯವರು ಊರನ್ನು ಸಂತೆಯ ಸರಕೆಂದು ತಿಳಿದಿರುವರು. ಸ್ವಂತ ಮನೆಯನ್ನು ಒಡೆದು ಕಟ್ಟುವ ಹಕ್ಕು ಯಜಮಾನನಿಗೆ ಉಂಟು. ಆದರೆ ಬೀದಿ, ಮರ, ಕೆರೆ, ಬಯಲು, ಇವು ಯಾವೊಬ್ಬ ಯಜಮಾನನ ಸ್ವತ್ತೂ ಅಲ್ಲ. ಮನೆಗಳು ಬದಲಾದರೂ ಇವು ಉಳಿದರೆ ಊರು ಉಳಿಯುವುದು. ಮನೆಗಳೆಲ್ಲವೂ ಹಾಗೆಯೇ ನಿಂತು ಇವು ಹೋದರೆ ಊರು ಹೋದಂತೆಯೇ ಸರಿ.

ಈ ಸಾಮಾನ್ಯ ಸ್ವತ್ತನ್ನು ಕಾಪಾಡುವುದು ಜನರ ಕೈಯಿಂದ ಆಗದ ಕೆಲಸವಲ್ಲ. ಕಾಡು ಮಲ್ಲೇಶ್ವರನ ಗುಡಿಯ ಎದುರಿಗೆ ಒಂದು ಖಾಲಿ ಸ್ಥಳವಿತ್ತು. ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ ಅದು ಪರರ ಪಾಲಾಗುವ ಸಂದರ್ಭವು ಬಂದಾಗ ಸ್ಥಳದ ಜನರು ಆಕ್ಷೇಪಿಸಿದರು. ನೆಲವನ್ನು ಅಗೆದು ನೋಡಲಾಗಿ ಮಣ್ಣಿನ ಕೆಳಗೆ ಕಲ್ಲಿನ ಕಲ್ಯಾಣಿಯೂ, ಬಾಯಿಂದ ನೀರನ್ನು ಸುರಿಸುವ ನಂದಿಯೂ ಕಾಣಿಸಿದುವು. ಅದೇ ಈಗಿನ ನಂದಿತೀರ್ಥ. ಜನರು ಸುಮ್ಮನಿದ್ದಿದ್ದರೆ ಆ ತೀರ್ಥದ ಮೇಲೆ ಕಟ್ಟಡವು ಏಳುತ್ತಿತ್ತು.

ಸ್ಯಾಂಕಿ ಕೆರೆಯ ಸಂಗತಿಯೂ ಹೀಗೆಯೇ. 1882ರಲ್ಲಿ ಊರಿನ ನೀರಿಗಾಗಿ ಕಟ್ಟಿದ ಈ ಕೆರೆಯ ಬದಿಯ ರಸ್ತೆಯನ್ನು ಅಗಲಿಸಲು 2011ರಲ್ಲಿ ಮರಗಳನ್ನು ಕಡಿಯತೊಡಗಿದಾಗ ನಾಗರಿಕರು ಬೀದಿಗಿಳಿದರು, ನ್ಯಾಯಾಲಯಕ್ಕೂ ಹೋದರು. 2023ರ ಆದಿಯಲ್ಲಿ ಅಲ್ಲಿ ಮೇಲುಸೇತುವೆಯ ಯೋಜನೆಯು ಬಂದಾಗ ಮತ್ತೆ ನೂರಾರು ಜನರು, ಮಕ್ಕಳೊಡನೆ ಕೂಡಿ, ಕೆರೆಯ ಬಳಿ ನಡೆದು ತಮ್ಮ ಅಸಮ್ಮತಿಯನ್ನು ತಿಳಿಸಿದರು. ಯೋಜನೆಯು ಆಗ ನಿಂತಿತು. ರಸ್ತೆ ಬೇಡವೆಂಬುದು ಅವರ ವಾದವಾಗಿರಲಿಲ್ಲ. ದಾಟಿಹೋಗುವವರ ಕೆಲವು ನಿಮಿಷಗಳಿಗಾಗಿ ಇರುವವರ ನೆರಳನ್ನು ತೆಗೆಯುವ ಮುನ್ನ ಇರುವವರನ್ನು ಕೇಳಬೇಡವೇ ಎಂಬುದು ಅವರ ಪ್ರಶ್ನೆಯಾಗಿತ್ತು.

ಈ ಪ್ರಶ್ನೆಯನ್ನು ಕೇಳಬೇಕಾದ ಸ್ಥಳ ಯಾವುದು? ಸಂವಿಧಾನದ 74ನೆಯ ತಿದ್ದುಪಡಿಯು 1993ರಲ್ಲಿ ಜಾರಿಗೆ ಬಂದು, ದೊಡ್ಡ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ವಿಧಿಸಿತು. ಆದರೆ 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಚುನಾಯಿತ ಸಭೆಯ ಅವಧಿಯು ಮುಗಿದ ಬಳಿಕ, ಆ ಮಹಾನಗರ ಪಾಲಿಕೆಯು ಇದ್ದಷ್ಟು ಕಾಲವೂ ಮತ್ತೆ ಚುನಾವಣೆಯು ನಡೆಯಲಿಲ್ಲ. 2025ರಲ್ಲಿ ಆ ಪಾಲಿಕೆಯೇ ಐದು ಪಾಲಿಕೆಗಳಾಗಿ ವಿಭಾಗವಾಯಿತು. ವಿಭಾಗವು ಎಷ್ಟೇ ಆಗಲಿ, ಬೀದಿಯ ಮಾತನ್ನು ಕೇಳುವ ಕಿವಿಯೊಂದು ಬೀದಿಯ ಸಮೀಪದಲ್ಲಿಯೇ ಇರಬೇಕು. ಆ ಕಿವಿಯು ಇದ್ದರೂ ಮಾತನಾಡಲು ಜನರು ಸೇರದಿದ್ದರೆ ಪ್ರಯೋಜನವಿಲ್ಲ. ಮರ ಬಿದ್ದ ದಿನ ಮಾತ್ರ ಕೂಡುವ ಜನರಿಂದ ಊರು ಉಳಿಯದು. ತಿಂಗಳಿಗೊಮ್ಮೆಯಾದರೂ ಕೂಡಿ ಚರಂಡಿ, ಕಸ, ದೀಪ, ಕಾಲುದಾರಿಗಳ ಸಣ್ಣ ಮಾತುಗಳನ್ನು ಆಡುವ ಅಭ್ಯಾಸವುಳ್ಳವರೇ ದೊಡ್ಡ ಆಪತ್ತಿನಲ್ಲಿ ಒಂದಾಗಿ ನಿಲ್ಲಬಲ್ಲರು.

ಇನ್ನೂ ಒಂದು ಮಾತುಂಟು. ಊರಿನ ಗುಣವನ್ನು ಕಾಪಾಡುವೆವೆಂದು ಹೊರಟವರು ಬಡವರನ್ನು ಊರಿನಿಂದ ಹೊರಗೆ ಹಾಕಬಾರದು. ಎಂಟನೆಯ ಅಡ್ಡರಸ್ತೆಯ ಕಾಲುದಾರಿಯಲ್ಲಿ ಹೂವನ್ನು ಕಟ್ಟುವವಳು ನಡೆಯುವವರಿಗೆ ಅಡ್ಡಿಯೆಂದು ದೂರುವವರು ಇದ್ದಾರೆ. ನಡೆಯುವವರಿಗೆ ದಾರಿಯಿರಬೇಕೆಂಬುದು ನ್ಯಾಯವೇ. ಆದರೆ ಆ ಹೂವಿನವಳಿಲ್ಲದ ಮಲ್ಲೇಶ್ವರವು ಎಂತಹ ಮಲ್ಲೇಶ್ವರ? 2014ರ ಬೀದಿ ವ್ಯಾಪಾರಿಗಳ ಕಾಯಿದೆಯು ವ್ಯಾಪಾರದ ಸ್ಥಳಗಳ ವಿಷಯದಲ್ಲಿ ಆಲೋಚಿಸುವ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕೆಂದು ಹೇಳಿದೆ. ಅಂದರೆ ಅವಳನ್ನು ಎಬ್ಬಿಸುವ ಮೊದಲು ಅವಳೊಡನೆ ಕುಳಿತು ಮಾತನಾಡಬೇಕು. ನಡೆಯುವವರ ದಾರಿ, ಮಾರುವವರ ಅನ್ನ, ಇವೆರಡಕ್ಕೂ ಎಡೆಯನ್ನು ಕಂಡುಹಿಡಿಯುವುದೇ ನೆರೆಹೊರೆಯ ಜಾಣತನ.

ಹೊಸದಾಗಿ ಬಂದವರ ವಿಷಯದಲ್ಲಿಯೂ ಇದೇ ನ್ಯಾಯ. ಎತ್ತರದ ಕಟ್ಟಡದ ಐದನೆಯ ಅಂತಸ್ತಿನಲ್ಲಿ ಬಾಡಿಗೆಗೆ ಬಂದವನು ಬೀದಿಯನ್ನು ಅರಿಯನು. ಬೀದಿಯೂ ಅವನನ್ನು ಅರಿಯದು. ಅವನ ಭಾಷೆ ಬೇರೆ, ಉದ್ಯೋಗದ ವೇಳೆ ಬೇರೆ. ಇವನಿಂದ ಊರು ಕೆಟ್ಟಿತೆಂದು ಹಳಬರು ಗೊಣಗಿದರೆ ಅವನು ಎಂದೆಂದಿಗೂ ಹೊರಗಿನವನೇ ಆಗಿ ಉಳಿಯುವನು. ಹಬ್ಬದ ದಿನ ಅವನ ಬಾಗಿಲಿಗೆ ಒಂದು ತಟ್ಟೆ ಎಳ್ಳುಬೆಲ್ಲವು ಹೋದರೆ, ಅವನ ಮಗುವನ್ನು ಬಯಲಿನ ಆಟಕ್ಕೆ ಕರೆದರೆ, ಎರಡು ಕನ್ನಡದ ಮಾತುಗಳನ್ನು ಪ್ರೀತಿಯಿಂದ ಕಲಿಸಿದರೆ, ಅವನೂ ಕೆಲವೇ ದಿನಗಳಲ್ಲಿ ಆ ಬೀದಿಯ ಮರಕ್ಕಾಗಿ ಮರುಗುವನು. ಊರಿನ ಗುಣವು ರಕ್ತದಿಂದ ಬರುವುದಲ್ಲ, ಬಳಕೆಯಿಂದ ಬರುವುದು. ಕರಾವಳಿಯವರನ್ನು ಒಳಗೊಂಡ ಬೀದಿಯು ಈಗ ಬಂದವರನ್ನೂ ಒಳಗೊಳ್ಳಬಲ್ಲುದು.

ದೊಡ್ಡ ಮನೆಗಳಲ್ಲಿ ಒಂಟಿಯಾಗಿರುವ ವೃದ್ಧರನ್ನು ಈ ಸಂದರ್ಭದಲ್ಲಿ ಮರೆಯಬಾರದು. ಮಕ್ಕಳು ದೂರದೇಶದಿಂದ ಹಣವನ್ನು ಕಳುಹಿಸಬಲ್ಲರು. ರಾತ್ರಿ ಜ್ವರ ಬಂದಾಗ ಬಾಗಿಲು ತಟ್ಟಿ ವಿಚಾರಿಸುವವರು ನೆರೆಯವರೇ. ಬೆಳಗಾದರೂ ಬಾಗಿಲಿನ ಹಾಲು ಒಳಗೆ ಹೋಗದಿದ್ದರೆ ಎದುರುಮನೆಯವರು ಅದನ್ನು ಕಂಡು ಕರೆಯುವರು. ಈ ಒಂದು ನೋಟವು ಇರುವವರೆಗೆ ಅದು ಊರು. ಅದು ತಪ್ಪಿದ ದಿನ, ಕಟ್ಟಡಗಳು ಎಷ್ಟೇ ಭವ್ಯವಾಗಿರಲಿ, ಅದು ಬಿಡಾರ.

ಮಲ್ಲೇಶ್ವರಕ್ಕೆ ಒದಗಿರುವ ಪರೀಕ್ಷೆಯು ಈ ಮಠದ ಭಕ್ತರು ವಾಸಿಸುವ ಸಣ್ಣ ಊರುಗಳಿಗೂ ಒಂದಲ್ಲ ಒಂದು ದಿನ ಒದಗತಕ್ಕದ್ದೇ. ಹೆದ್ದಾರಿಯು ಹತ್ತಿರ ಬಂದಾಗ, ಹೊಲಗಳು ನಿವೇಶನಗಳಾದಾಗ, ಮೊದಲು ಕಟ್ಟಿಡಬೇಕಾದುದು ಬೇಲಿಯನ್ನಲ್ಲ. ಕೆರೆಯ ಎಲ್ಲೆಯನ್ನು ಗುರುತಿಸಿ ಇಡಬೇಕು, ಶಾಲೆಯ ಬಯಲನ್ನು ಬಿಟ್ಟುಕೊಡದೆ ಉಳಿಸಬೇಕು, ಸಂತೆಯ ಜಾಗವನ್ನು ಕಾಯಬೇಕು, ಎಲ್ಲರೂ ಕೂಡುವ ಒಂದು ಮಂದಿರವನ್ನು ಜಾತಿಭೇದವಿಲ್ಲದೆ ತೆರೆದಿಡಬೇಕು. ದಾಸೋಹದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತವನ ಮನೆತನವನ್ನು ಯಾರೂ ಕೇಳರು. ಎಲೆಯನ್ನು ಸ್ವಲ್ಪ ಸರಿಸಿ ಜಾಗವನ್ನು ಮಾಡಿಕೊಡುವರು. ಆ ಪಂಕ್ತಿಯಲ್ಲಿ ಕಲಿತುದನ್ನು ಬೀದಿಯಲ್ಲಿಯೂ ಆಚರಿಸಿದರೆ ಸಾಕು. ಊರು ಎಷ್ಟು ಬೆಳೆದರೂ ಚಿಂತೆಯಿಲ್ಲ.

ಸರ್ವರಿಗೂ ಮಂಗಳವಾಗಲಿ.