ಪೇಸ್ಟ್ ಬದಲಿಸೋ ಮೊದಲು, ಮನ್ಯಾಗಿನ ನೀರು ಯಾವುದು ನೋಡ್ರಿ

ಈ ವಾರದ ವಿಷಯ ಬಂದದ್ದು ಒಬ್ಬ ಕೇಳುಗರ ವಾಯ್ಸ್ ಮೆಸೇಜಿನಿಂದ. ಅವರ ತವರು ಮುಂಡರಗಿ ಕಡೆ, ಈಗ ಇರೋದು ಇಲ್ಲೇ ಸತ್ತೂರದಾಗ. ಮಗಳಿಗೆ ನಾಲ್ಕು ವರ್ಷ. "ಅಣ್ಣಾ, ಫ್ಲೋರೈಡಿಂದ ಹಲ್ಲು ಕಂದಾದವ್ರನ್ನ ನೋಡ್ಕೋತನ ಬೆಳದೀನಿ. ಈಗ ಅದನ್ನೇ ಪೇಸ್ಟಿನ್ಯಾಗ ಹಾಕಿ ಮಾರ್ತಾರ. ಫ್ಲೋರೈಡ್ ಇಲ್ಲದ್ದು ತರಲೇನು?" ಅಂತ ಕೇಳ್ಯಾರ.

ಈ ಅಂಜಿಕಿ ಸುಮ್ಮನೆ ಬಂದದ್ದಲ್ಲ. ಗದಗ, ಕೊಪ್ಪಳ, ರಾಯಚೂರು ಜಿಲ್ಲೆಗಳ ಎಷ್ಟೋ ಊರಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. 1997ರವರೆಗೆ ಮುಂಡರಗಿ ನಮ್ಮ ಧಾರವಾಡ ಜಿಲ್ಲೆಯೊಳಗೇ ಇತ್ತು, ಅಂದ್ರ ಇದು ದೂರದವರ ಸಮಸ್ಯೆ ಅಲ್ಲ. ಕಲ್ಲಿನೊಳಗಿನ ಫ್ಲೋರೈಡ್ ಅಂತರ್ಜಲಕ್ಕೆ ಇಳಿಯುತ್ತದೆ. ವರ್ಷಗಟ್ಟಲೆ ಆ ನೀರು ಕುಡಿದರೆ ಹಲ್ಲಿನ ಮೇಲೆ ಮೊದಲು ಸುಣ್ಣದಂಥ ಬಿಳಿ ಪಟ್ಟೆ, ಆಮೇಲೆ ಕಂದು ಕಲೆ. ಪ್ರಮಾಣ ಬಹಳ ಇದ್ದರೆ ಎಲುಬು, ಕೀಲುಗಳಿಗೂ ಪೆಟ್ಟು.

ಹಂಗಾದ್ರ ಪೇಸ್ಟಿನ್ಯಾಗ ಅದನ್ನ ಯಾಕ ಹಾಕ್ತಾರ? ನಾವು ಸಿಹಿ ತಿಂದಾಗ ಬಾಯಿಯ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತವೆ. ಅದು ಹಲ್ಲಿನ ಮೇಲ್ಪದರದ ಖನಿಜವನ್ನು ಕರಗಿಸುತ್ತದೆ. ಫ್ಲೋರೈಡ್ ಆ ಖನಿಜ ಮರಳಿ ಕೂಡ್ರೋದಕ್ಕೆ ನೆರವಾಗುತ್ತದೆ. ಈ ಕೆಲಸ ಹಲ್ಲಿನ ಮೇಲೆ ನಡೀತದ, ಹೊಟ್ಟ್ಯಾಗ ಅಲ್ಲ. ಕಲೆ ಬೀಳೋದು ಬೇರೆ ದಾರಿಯಿಂದ: ಸುಮಾರು ಎಂಟು ವರ್ಷದೊಳಗೆ, ಒಸಡಿನೊಳಗೆ ಹಲ್ಲು ತಯಾರಾಗೋ ಹೊತ್ತಿನಲ್ಲಿ, ಹೆಚ್ಚು ಫ್ಲೋರೈಡ್ ನುಂಗಿದಾಗ.

ನಾನು ಡಾಕ್ಟರ್ ಅಲ್ಲ, ಬಿ.ಕಾಂ. ಓದಿದವ. ಹಂಗಾಗಿ ಲೆಕ್ಕ ಹಾಕೋಣು. ನಮ್ಮ ದೇಶದಲ್ಲಿ ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ ಮೀರಬಾರದು. ಅಂದ್ರ ಒಂದು ಗ್ರಾಂ ಪೇಸ್ಟಿಗೆ ಒಂದು ಮಿಲಿಗ್ರಾಂ. ಬಟಾಣಿ ಕಾಳಿನಷ್ಟು ಪೇಸ್ಟ್ ಅಂದ್ರ ಸುಮಾರು ಕಾಲು ಗ್ರಾಂ. ಮಗು ಎರಡು ಹೊತ್ತೂ ಪೂರಾ ನುಂಗಿದರೂ ಅರ್ಧ ಮಿಲಿಗ್ರಾಂ. ಅದೇ ಲೀಟರಿಗೆ 3 ಮಿಲಿಗ್ರಾಂ ಇರುವ ಬೋರ್ ನೀರು ಒಂದು ಲೀಟರ್ ಕುಡಿದರೆ, ಅಷ್ಟೂ ಮೂರು ಮಿಲಿಗ್ರಾಂ ಹೊಟ್ಟೆಗೆ. ಪೇಸ್ಟ್ ಉಗುಳ್ತೀವಿ, ನೀರು ಉಗುಳ್ತೀವೇನ್ರಿ? ಬ್ಯುರೋ ಆಫ್ ಇಂಡಿಯನ್ ಸ್ಟ್ಯಾಂಡರ್ಡ್ಸ್ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಸರಿ. ಬೇರೆ ನೀರೇ ಸಿಗದಿದ್ದಾಗ ಮಾತ್ರ 1.5ರವರೆಗೆ.

ನನಗೆ ಚಿಂತಿ ಆಗೋದು ಇಲ್ಲೇ. ಫ್ಲೋರೈಡ್ ಇಲ್ಲದ ದುಬಾರಿ ಪೇಸ್ಟ್ ತಂದು ಸಮಾಧಾನ ಮಾಡ್ಕೋತೀವಿ, ಬೋರ್ ನೀರು ಮಾತ್ರ ಹಂಗೇ ಕುಡೀತೀವಿ. ಆಗ ಕಲೆಯೂ ತಪ್ಪಂಗಿಲ್ಲ, ಹುಳುಕಿನಿಂದ ಇದ್ದ ರಕ್ಷಣೆಯೂ ಹೋಯ್ತು.

ಹಂಗಾದ್ರ ಏನು ಮಾಡೋದು? ಮೊದಲು ನೀರು ಯಾವುದು ತಿಳ್ಕೋರಿ. ಹುಬ್ಬಳ್ಳಿ-ಧಾರವಾಡಕ್ಕೆ ನಲ್ಲಿಯಲ್ಲಿ ಬರೋದು ಹೆಚ್ಚಾಗಿ ಮಲಪ್ರಭೆ ನೀರು. ನದಿ ನೀರಿನಲ್ಲಿ ಸಾಮಾನ್ಯವಾಗಿ ಫ್ಲೋರೈಡ್ ಕಡಿಮೆ. ಆದರೆ ಅಪಾರ್ಟ್‌ಮೆಂಟಿನ ಬೋರ್, ಟ್ಯಾಂಕರ್ ನೀರು ಕುಡಿಯೋರು ಪರೀಕ್ಷೆ ಮಾಡಿಸಲೇಬೇಕು. ಕುದಿಸಿದರೆ ಫ್ಲೋರೈಡ್ ಹೋಗಂಗಿಲ್ಲ. ನೀರು ಆವಿಯಾದಷ್ಟು ಅದು ಇನ್ನಷ್ಟು ಗಟ್ಟಿಯಾಗ್ತದ. ಆರ್‌ಒ ಫಿಲ್ಟರ್ ಚಲೋ ಕೆಲಸ ಮಾಡಿದರೆ ಕಡಿಮೆ ಮಾಡ್ತದ.

ಎರಡನೇದು, ಅಳತೆ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು, ಮೂರರಿಂದ ಆರು ವರ್ಷಕ್ಕೆ ಬಟಾಣಿಯಷ್ಟು. ಜಾಹೀರಾತಿನ್ಯಾಗ ಬ್ರಶ್ ತುಂಬ ಹಾಕಿ ತೋರಿಸ್ತಾರಲ್ಲ, ಅದನ್ನ ನೋಡಿ ಹಾಕಬ್ಯಾಡ್ರಿ. ಪಕ್ಕಕ್ಕ ನಿಂತು ಉಗುಳಸ್ರಿ. ದೊಡ್ಡವರು ಉಗುಳಿದ ಮೇಲೆ ಗಳಗಳ ಬಾಯಿ ಮುಕ್ಕಳಿಸದೆ ಬಿಟ್ಟರೆ ಒಳ್ಳೇದು, ಫ್ಲೋರೈಡ್ ಹಲ್ಲಿನ ಮೇಲೆ ಸ್ವಲ್ಪ ಹೊತ್ತು ನಿಲ್ತದ.

ಮೂರನೇದು, ಲೇಬಲ್. 'ಹರ್ಬಲ್', 'ಆಯುರ್ವೇದಿಕ್' ಅನ್ನೋ ಮುಖಪುಟ ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದ್ರಿ. ಸೋಡಿಯಂ ಫ್ಲೋರೈಡ್ ಅಥವಾ ಸೋಡಿಯಂ ಮೊನೊಫ್ಲೋರೋಫಾಸ್ಫೇಟ್ ಇದ್ದರೆ ಅದು ಫ್ಲೋರೈಡ್ ಪೇಸ್ಟ್. ಪಿಪಿಎಂ ಎಷ್ಟು ಅಂತ ಟ್ಯೂಬಿನ ಮೇಲೂ ಡಬ್ಬಿ ಮೇಲೂ ಬರೀಬೇಕು ಅನ್ನೋದು ನಿಯಮ. ಲವಂಗ, ಬೇವು ಬಾಯಿಗೆ ಹಿತ ಕೊಡಬಹುದು, ಆದರೆ ಅವು ಫ್ಲೋರೈಡಿನ ಜಾಗ ತುಂಬಂಗಿಲ್ಲ. ಇದ್ದಿಲ ಪುಡಿ ಉಜ್ಜಿದರೆ ಹಲ್ಲು ಸವೆಯೋ ಅಪಾಯ. ಫ್ಲೋರೈಡ್ ಬೇಡವೇ ಬೇಡ ಅನ್ನೋರಿಗೆ ಹೈಡ್ರಾಕ್ಸಿಅಪಟೈಟ್ ಪೇಸ್ಟ್ ಇದೆ. ಅದರ ಬಗ್ಗೆ ಒಳ್ಳೆಯ ಅಧ್ಯಯನಗಳು ಬರ್ತಾ ಇವೆ. ಆದರೆ ಫ್ಲೋರೈಡಿಗಿರುವಷ್ಟು ದಶಕಗಳ ಪುರಾವೆ ಇನ್ನೂ ಅದಕ್ಕಿಲ್ಲ, ಬೆಲೆಯೂ ಜಾಸ್ತಿ. ಫ್ಲೋರೈಡ್ ಪೇಸ್ಟನ್ನ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಗಳ ಪಟ್ಟಿಗೇ ಸೇರಿಸಿದೆ.

ಆ ಅಕ್ಕಾರಿಗೆ ನನ್ನ ಉತ್ತರ: ಸತ್ತೂರದಾಗ ನಲ್ಲಿ ನೀರು ಕುಡೀತಿದ್ರ ಮಗಳಿಗೆ ಫ್ಲೋರೈಡ್ ಪೇಸ್ಟೇ ಇರಲಿ, ಬಟಾಣಿಯಷ್ಟು. ರಜೆಗೆ ತವರಿಗೆ ಹೋದಾಗ ಅಲ್ಲಿ ಕುಡಿಯೋ ನೀರು ಯಾವುದು ಕೇಳ್ರಿ. ಗ್ರಾಮ ಪಂಚಾಯಿತಿಗಳಿಗೆ ಜಲ ಜೀವನ್ ಮಿಷನ್ ಅಡಿ ನೀರು ಪರೀಕ್ಷೆಯ ಕಿಟ್ ಕೊಟ್ಟಾರ, ಕೇಳೋದು ನಮ್ಮ ಹಕ್ಕು. ಮಗಳ ಹಲ್ಲಿನ ಮೇಲೆ ಈಗಲೇ ಬಿಳಿ ಪಟ್ಟೆ ಕಂಡರೆ ಯೂಟ್ಯೂಬ್ ನೋಡ್ಕೋತ ಕೂಡಬ್ಯಾಡ್ರಿ. ಎಸ್‌ಡಿಎಂ ದಂತ ಕಾಲೇಜು ನಿಮ್ಮ ಸತ್ತೂರದಾಗೇ ಐತಿ, ಒಮ್ಮೆ ತೋರಸ್ರಿ.

ನಿಮ್ಮ ಊರಿನ ನೀರಿನ ಪರೀಕ್ಷೆ ವರದಿ ಸಿಕ್ಕರೆ ನನಗೂ ಕಳಸ್ರಿ, ಮುಂದಿನ ಸಂಚಿಕೆಯಲ್ಲಿ ಅದನ್ನೇ ಓದೋಣು.