ಶಾಂತಲಾದೇವಿಯ ಬಸದಿ



ಹೊಯ್ಸಳ ರಾಣಿ ಶಾಂತಲಾದೇವಿಯ ಹೆಸರು ಕೇಳಿದೊಡನೆ ನಿಮ್ಮ ಕಣ್ಣ ಮುಂದೆ ನಾಟ್ಯರಾಣಿಯೊಬ್ಬಳ ಚಿತ್ರ ಮೂಡುತ್ತದೆ. ಕಥೆ, ಕಾದಂಬರಿಗಳು ಬೆಳೆಸಿದ ಚಿತ್ರ ಅದು. ಸುಳ್ಳೇನೂ ಅಲ್ಲ, ಆಕೆಯ ಗೀತ, ನೃತ್ಯಗಳ ಪರಿಣತಿಯನ್ನು ಶಾಸನಗಳೂ ಹೊಗಳಿವೆ. ಆದರೆ ಅದೇ ಶಾಸನಗಳಲ್ಲಿ ಇನ್ನೊಬ್ಬ ಶಾಂತಲೆಯೂ ಇದ್ದಾಳೆ. ಆಕೆ ಒಂದು ಧರ್ಮಸಂಸ್ಥೆಯನ್ನು ಕಟ್ಟಿ, ಅದು ತನ್ನ ನಂತರವೂ ನಡೆಯುವಂತೆ ಏರ್ಪಾಡು ಮಾಡಿದವಳು.

ನಮ್ಮ ಮೈಸೂರಿನಿಂದ ಸುಮಾರು 80 ಕಿಲೋಮೀಟರ್ ದೂರದ ಶ್ರವಣಬೆಳಗೊಳಕ್ಕೆ ಪ್ರವಾಸ ಹೋದವರು ಗೊಮ್ಮಟನನ್ನು ಕಾಣಲು ದೊಡ್ಡಬೆಟ್ಟ ಹತ್ತುತ್ತಾರೆ. ಎದುರಿಗಿರುವ ಚಿಕ್ಕಬೆಟ್ಟವನ್ನು ಹತ್ತುವವರು ಕಡಿಮೆ. 1123ರಲ್ಲಿ ಶಾಂತಲೆ ಶಾಂತಿನಾಥ ತೀರ್ಥಂಕರನಿಗೆ ಬಸದಿ ಕಟ್ಟಿಸಿದ್ದು ಅಲ್ಲಿಯೇ. ಅದರ ಹೆಸರು ಸವತಿಗಂಧವಾರಣ ಬಸದಿ. ಗಂಧವಾರಣ ಎಂದರೆ ಮದ್ದಾನೆ. ‘ಸವತಿಯರ ಪಾಲಿಗೆ ಮದ್ದಾನೆ’ ಎಂಬುದು ರಾಣಿಯ ಬಿರುದು. ಅದೇ ಬಸದಿಗೂ ಹೆಸರಾಯಿತು.

ಕಟ್ಟಡ ಎದ್ದು ನಿಂತ ಮಾತ್ರಕ್ಕೆ ಸಂಸ್ಥೆ ಬಾಳುವುದಿಲ್ಲ. ನಿತ್ಯಪೂಜೆ ನಡೆಯಬೇಕು, ಮುನಿಗಳಿಗೆ ಆಹಾರ ಸಲ್ಲಬೇಕು. ಇದಕ್ಕಾಗಿ ಶಾಂತಲೆ ಮೊಟ್ಟೆನವಿಲೆ ಎಂಬ ಗ್ರಾಮವನ್ನು ತನ್ನ ಗುರು ಪ್ರಭಾಚಂದ್ರ ಸಿದ್ಧಾಂತದೇವರಿಗೆ ದಾನವಾಗಿ ಕೊಟ್ಟಳು. ಊರಿನ ಹುಟ್ಟುವಳಿಯೇ ಬಸದಿಯ ಆದಾಯ. ಆ ಏರ್ಪಾಡನ್ನು ಯಾರೂ ಅಳಿಸದಿರಲೆಂದು ಕಲ್ಲಿನಲ್ಲಿ ಬರೆಸಿದರು. ದಾನಿ, ಗುರು, ಊರು ಎಲ್ಲಕ್ಕೂ ಅಲ್ಲಿ ಹೆಸರಿದೆ. ಹೊಲದಲ್ಲಿ ದುಡಿದ ರೈತನಿಗೆ ಮಾತ್ರ ಇಲ್ಲ. ಶಾಸನ ಓದುವಾಗ ಇದನ್ನೂ ಗಮನಿಸಬೇಕು.

ಆಕೆಯ ಮನೆತನವೂ ವಿಚಾರಮಾಡತಕ್ಕದ್ದು. ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನಳು. ಪತಿ ವಿಷ್ಣುವರ್ಧನ 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದವನು. ಅದೇ ಆವರಣದಲ್ಲಿ ಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿದವಳು ಜೈನಳಾದ ಶಾಂತಲೆ. ತನ್ನ ನಂಬಿಕೆಯನ್ನು ಬಿಡಲಿಲ್ಲ, ಇತರರ ನಂಬಿಕೆಯನ್ನು ತಳ್ಳಲೂ ಇಲ್ಲ.

ಈ ದಾರಿಯಲ್ಲಿ ಶಾಂತಲೆ ಒಂಟಿಯಲ್ಲ. ಆಕೆಗಿಂತ ನೂರು ವರ್ಷಕ್ಕೂ ಹಿಂದೆ, 1007ರಲ್ಲಿ, ಅತ್ತಿಮಬ್ಬೆ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ್ದಳು. ಶಾಂತಲೆಯ ಕಾಲದಲ್ಲೇ ದಂಡನಾಯಕ ಗಂಗರಾಜನ ಪತ್ನಿ ಲಕ್ಷ್ಮಿ ಇದೇ ಚಿಕ್ಕಬೆಟ್ಟದಲ್ಲಿ ಎರಡುಕಟ್ಟೆ ಬಸದಿಯನ್ನು ಕಟ್ಟಿಸಿದಳು. ದೂರದ ಸ್ಪೇನ್ ದೇಶದ ಬುರ್ಗೋಸ್ ನಗರದಲ್ಲಿ 1187ರಲ್ಲಿ ರಾಣಿ ಲಿಯೊನೋರ್ ತನ್ನ ಪತಿಯೊಡನೆ ಸನ್ಯಾಸಿನಿಯರ ಮಠವೊಂದನ್ನು ಸ್ಥಾಪಿಸಿದಳು. ಅಲ್ಲಿಯೂ ಮಠದ ಬದುಕಿಗೆ ಭೂಮಿಯೇ ಆಧಾರ. ಯುದ್ಧ, ಪಟ್ಟಾಭಿಷೇಕಗಳ ಚರಿತ್ರೆಯಲ್ಲಿ ಮರೆಯಾಗುವ ಸ್ತ್ರೀಯರು ದಾನಪತ್ರಗಳಲ್ಲಿ ಕಾಣಸಿಗುತ್ತಾರೆ.

ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳ ಅಗಲಿಕೆಯ ನಂತರ ಮಾಚಿಕಬ್ಬೆ ಬೆಳಗೊಳದಲ್ಲಿ ಸಲ್ಲೇಖನ ವ್ರತ ಕೈಗೊಂಡು ದೇಹತ್ಯಾಗ ಮಾಡಿದಳು. ಇದನ್ನು ತಿಳಿಸುವುದೂ ಶಾಸನವೇ.

ಈ ಶಾಸನಗಳನ್ನು ಬಿ.ಎಲ್. ರೈಸ್ 1889ರಲ್ಲಿ ಅಚ್ಚುಮಾಡಿಸಿದರು, ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದರು; ಮೈಸೂರು ವಿಶ್ವವಿದ್ಯಾನಿಲಯ 1973ರಲ್ಲಿ ಮತ್ತೆ ಪ್ರಕಟಿಸಿತು. ಗ್ರಂಥಾಲಯದಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಎರಡನೆಯ ಸಂಪುಟವನ್ನು ಕೇಳಿ, ತೆರೆದು ನೋಡಿ. ಮುಂದಿನ ಪ್ರವಾಸದಲ್ಲಿ ಚಿಕ್ಕಬೆಟ್ಟವನ್ನೂ ಹತ್ತಿ. ಕಾದಂಬರಿಯ ಶಾಂತಲೆಯನ್ನು ನೀವು ಬಲ್ಲಿರಿ. ಕಲ್ಲಿನಲ್ಲಿರುವ ಶಾಂತಲೆಯನ್ನೂ ಓದಿ ತಿಳಿಯಿರಿ.